ತೀರ್ಥವೂ ವಿಹಾರವೂ

ಹಳೆಯ ಮಾತೊಂದು ಹೊಸ ವ್ಯಾಪಾರದ ಕೈಗೆ ಸಿಕ್ಕಿದಾಗ ಅದರ ಅರ್ಥವು ಎತ್ತ ಜಾರಿತೆಂದು ನೋಡುವುದು ವಿಮರ್ಶಕನ ಕೆಲಸಗಳಲ್ಲಿ ಒಂದು. ಕಾವ್ಯನಾಟಕಗಳನ್ನು ಮಾತ್ರವೇ ವಿಮರ್ಶಿಸತಕ್ಕದ್ದೆಂಬ ನಿಯಮವೇನೂ ಇಲ್ಲ. ಜನರು ಯಾವುದನ್ನು ಹೆಚ್ಚಾಗಿ ಓದುವರೋ ಅದಕ್ಕೂ ಗುಣದೋಷಪರೀಕ್ಷೆ ಸಲ್ಲಬೇಕು. ಇಂದು ವಿದ್ಯಾವಂತರ ಮನೆಗಳಲ್ಲಿ ಕಾವ್ಯಕ್ಕಿಂತ ಹೆಚ್ಚಾಗಿ ಓದಿಸಿಕೊಳ್ಳುವ ಒಂದು ಬಗೆಯ ಗದ್ಯವುಂಟು. ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿಯೂ ಪ್ರವಾಸದ ವ್ಯಾಪಾರಿಗಳು ಹಂಚುವ ಹೊಳಪು ಕಾಗದದ ಪುಸ್ತಿಕೆಗಳಲ್ಲಿಯೂ ಅದು ಬರುತ್ತದೆ. ಪ್ರಾಚೀನ ಸ್ಥಳಗಳಿಗೆ ಐಷಾರಾಮಿ ಪ್ರವಾಸ, ಊರುಕೇರಿಗಳಿಂದ ದೂರವಾದ ವಿಹಾರಗೃಹಗಳಲ್ಲಿ ಏಕಾಂತವಾಸ, ಇವೆರಡೇ ಅದರ ವಸ್ತು. ಆ ಗದ್ಯವು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಹಂಪೆಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ವಿಚಾರಿಸಬಹುದು.

೧

ಮೊದಲು ಮಾತುಗಳನ್ನು ನೋಡಬೇಕು. ‘ಅತಿಥಿ’ ಶಬ್ದಕ್ಕೆ ನಿರ್ವಚನ ಹೇಳುವವರು ತಿಥಿಯನ್ನು ಗೊತ್ತುಮಾಡದೆ ಬಂದವನು ಎಂದು ಅರ್ಥವಿಡುವರು. ಕರೆಯದೆ, ಮುಂಚೆ ತಿಳಿಸದೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತವನಿಗೆ ಅನ್ನ ನೀರು ಕೊಡುವುದೇ ಆತಿಥ್ಯ. ತೈತ್ತಿರೀಯೋಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ತಾಯಿ ತಂದೆ ಗುರುಗಳ ಸಾಲಿನಲ್ಲಿಯೇ ಅತಿಥಿಯನ್ನೂ ನಿಲ್ಲಿಸಿ ದೇವರಂತೆ ಕಾಣಬೇಕೆಂದು ವಿಧಿಸುತ್ತಾನೆ. ಆ ವಿಧಿವಾಕ್ಯವನ್ನೇ ಭಾರತ ಸರ್ಕಾರದವರು ಪ್ರವಾಸೋದ್ಯಮದ ಘೋಷವಾಕ್ಯವನ್ನಾಗಿ ಮಾಡಿಕೊಂಡರು. ಹೋಟೆಲು ವ್ಯಾಪಾರಕ್ಕೆ ‘ಆತಿಥ್ಯೋದ್ಯಮ’ವೆಂಬ ಹೆಸರೂ ರೂಢಿಗೆ ಬಂದಿತು. ಈಗಿನ ಅತಿಥಿಯಾದರೋ ಬರುವ ತಿಥಿ ಹೊರಡುವ ತಿಥಿ ಎರಡನ್ನೂ ತಿಂಗಳುಗಳ ಮುಂಚೆಯೇ ಗೊತ್ತುಮಾಡಿ, ಹಣವನ್ನು ಮುಂಗಡವಾಗಿ ಸಲ್ಲಿಸಿ ಬರುತ್ತಾನೆ. ಅವನು ಸತಿಥಿಯೇ ಹೊರತು ಅತಿಥಿಯಲ್ಲ. ತಿಥಿಯಿಲ್ಲದೆ ಬಂದವನನ್ನು ಹೊರಬಾಗಿಲಿನ ಕಾವಲುಗಾರನೇ ಹಿಂದಕ್ಕೆ ಕಳುಹಿಸುತ್ತಾನೆ.

‘ವಿಹಾರ’ವೆಂಬ ಮಾತಿನ ಗತಿಯೂ ವಿಚಿತ್ರವಾದುದು. ಸಂಸ್ಕೃತದಲ್ಲಿ ಅದಕ್ಕೆ ತಿರುಗಾಟ, ಕ್ರೀಡೆ ಎಂಬ ಅರ್ಥವಿರುವಂತೆಯೇ ಬೌದ್ಧಭಿಕ್ಷುಗಳು ತಂಗುವ ಸ್ಥಳವೆಂಬ ಅರ್ಥವೂ ಉಂಟು. ಮೂರು ವಸ್ತ್ರ ಒಂದು ಭಿಕ್ಷಾಪಾತ್ರೆಗಳ ಹೊರತು ಸ್ವಂತಕ್ಕೆ ಹೆಚ್ಚೇನನ್ನೂ ಇಟ್ಟುಕೊಳ್ಳದ ಭಿಕ್ಷುವು ಮಳೆಗಾಲದಲ್ಲಿ ನಿಲ್ಲುತ್ತಿದ್ದ ತಾಣವೇ ವಿಹಾರ. ‘ಆರಾಮ’ವೂ ಹಾಗೆಯೇ. ಸಂಸ್ಕೃತದ ಆರಾಮವೆಂದರೆ ಉದ್ಯಾನ. ಭಿಕ್ಷುಸಂಘಕ್ಕೆ ದಾನವಾಗಿ ಬಂದ ಉದ್ಯಾನವು ಸಂಘಾರಾಮ. ಕನ್ನಡದಲ್ಲಿ ಜನರು ದಿನವೂ ಆಡುವ ‘ಆರಾಮು’ ಪಾರಸಿಯಿಂದ ಬಂದ ಬೇರೊಂದು ಮಾತು. ಅದಕ್ಕೆ ವಿಶ್ರಾಂತಿಯೆಂದು ಅರ್ಥ. ಎರಡಕ್ಕೂ ರೂಪಸಾಮ್ಯವಿದೆಯಲ್ಲದೆ ಕುಲ ಬೇರೆ. ಹೊಸ ಗದ್ಯವು ಈ ಭೇದಗಳೆಲ್ಲವನ್ನೂ ಅಳಿಸಿ, ಭಿಕ್ಷುವಿನ ವಿಹಾರವನ್ನೂ ರಾಜನ ಉದ್ಯಾನವನ್ನೂ ಪ್ರಯಾಣದಿಂದ ದಣಿಯದವನ ವಿಶ್ರಾಂತಿಯನ್ನೂ ಒಂದೇ ಪಾತ್ರೆಗೆ ಸುರಿದು ಬಡಿಸುತ್ತದೆ.

ಕಲ್ಪನೆಗೆ ಇನ್ನೂ ಒಳ್ಳೆಯ ಉದಾಹರಣೆಯೊಂದುಂಟು. ರಾಜಸ್ಥಾನದಲ್ಲಿ ೧೯೮೨ರಲ್ಲಿ ಅರಮನೆಯಂತಹ ರೈಲೊಂದು ಹೊರಟಿತು. ಅದರ ಮೇಲ್ಪಂಕ್ತಿಯಲ್ಲಿ ಕರ್ನಾಟಕದಲ್ಲಿಯೂ ೨೦೦೮ರಲ್ಲಿ ‘ಗೋಲ್ಡನ್ ಚಾರಿಯಟ್’ ಎಂಬ ರೈಲು ಆರಂಭವಾಯಿತು. ನಡುವೆ ನಿಂತು ಮತ್ತೆಯೂ ನಡೆದಿದೆ. ಹಂಪೆಯ ವಿಠ್ಠಲದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥದ ನೆನಪಿಗಾಗಿ ಅದಕ್ಕೆ ಆ ಹೆಸರು. ಪ್ರಯಾಣಿಕರು ಮಲಗುವ ಡಬ್ಬಿಗಳಿಗೆ ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಮೊದಲಾಗಿ ನಾಡನ್ನಾಳಿದ ಹನ್ನೊಂದು ವಂಶಗಳ ಮತ್ತು ರಾಜ್ಯಗಳ ಹೆಸರುಗಳನ್ನಿಟ್ಟಿದ್ದಾರೆ. ಕಲ್ಲಿನ ರಥವು ರಥವೆಂಬುದು ಹೆಸರಿಗೆ. ವಾಸ್ತವವಾಗಿ ಅದು ಸ್ವಾಮಿಗೆ ಎದುರಾಗಿ ನಿಂತ ಗರುಡನ ಗುಡಿ. ಅದು ಚಲಿಸದೆ ನಿಂತಿರುವುದರಲ್ಲಿಯೇ ಅದರ ಅರ್ಥವಿದೆ. ಅದರ ಹೆಸರನ್ನು ಹೊತ್ತ ರೈಲು ಒಂದು ವಾರದೊಳಗಾಗಿ ಹಲವು ಶತಮಾನಗಳನ್ನು ದಾಟಿಸಿಬಿಡುತ್ತದೆ. ಕದಂಬರಲ್ಲಿ ಮಲಗಿ ಹೊಯ್ಸಳರಲ್ಲಿ ಕಣ್ಣು ತೆರೆದವನಿಗೆ ಇತಿಹಾಸವು ಹಾಸಿಗೆಯ ಹೊದಿಕೆಯಷ್ಟು ಮೃದುವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

೨

ಇಷ್ಟು ಮಾತ್ರವಾದರೆ ಇದು ಹೆಸರುಗಳ ವಿನೋದವೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಇದರ ಕೆಳಗೆ ಒಂದು ದೊಡ್ಡ ಪ್ರಶ್ನೆಯಿದೆ: ಪ್ರಾಚೀನ ಸ್ಥಳವೊಂದಕ್ಕೆ ಹೋಗುವ ಅಧಿಕಾರ ಯಾರದು? ಈ ಪ್ರಶ್ನೆಗೆ ಭಾರತೀಯ ಪರಂಪರೆಯು ಬಹು ಹಿಂದೆಯೇ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ.

ಮಹಾಭಾರತದ ವನಪರ್ವದಲ್ಲಿ ಪಾಂಡವರು ಕಾಡಿನಲ್ಲಿರುತ್ತಾರೆ. ಅರ್ಜುನನು ಅಸ್ತ್ರಗಳಿಗಾಗಿ ಹೋಗಿದ್ದಾನೆ. ಧರ್ಮರಾಜನಿಗೆ ಮನಸ್ಸು ನಿಲ್ಲದು. ಆಗ ನಾರದನು ಬಂದು, ಹಿಂದೆ ಪುಲಸ್ತ್ಯನು ಭೀಷ್ಮನಿಗೆ ಹೇಳಿದ್ದ ತೀರ್ಥಮಹಿಮೆಯನ್ನು ತಿಳಿಸುತ್ತಾನೆ. ಅಲ್ಲಿಯ ಉಪಪತ್ತಿ ಗಮನಿಸತಕ್ಕದ್ದು. ಯಜ್ಞಗಳಿಗೆ ಅನೇಕ ಉಪಕರಣಗಳೂ ಬಹುವಾದ ಸಂಭಾರಗಳೂ ಬೇಕು. ಅವನ್ನು ಮಾಡಬಲ್ಲವರು ಅರಸರು, ಇಲ್ಲವೆ ಎಲ್ಲಿಯೋ ಕೆಲವರು ಧನಿಕರು. ಹಣವಿಲ್ಲದವನು, ಸಹಾಯವಿಲ್ಲದವನು ಏನು ಮಾಡಬೇಕು? ಅವನಿಗೂ ಸಾಧ್ಯವಾದುದು ತೀರ್ಥಯಾತ್ರೆ. ಅದರ ಫಲ ಯಜ್ಞದ ಫಲಕ್ಕಿಂತ ಕಡಮೆಯದಲ್ಲ, ಹೆಚ್ಚಿನದೇ. ಕೈಕಾಲುಗಳೂ ಮನಸ್ಸೂ ಯಾರ ಹಿಡಿತದಲ್ಲಿವೆಯೋ ಅವರಿಗೆ ಆ ಫಲ ದೊರೆಯುವುದು. ಹೀಗೆ ತೀರ್ಥವೆಂಬ ಕಲ್ಪನೆಯ ಬೇರಿನಲ್ಲಿಯೇ ದರಿದ್ರನ ಪ್ರಸ್ತಾಪವಿದೆ. ಯಜ್ಞಶಾಲೆಯ ವೆಚ್ಚಕ್ಕೆ ಹೆದರಿದವನಿಗಾಗಿ ತೆರೆದ ಬಾಗಿಲದು.

ಅದೇ ಪರ್ವದಲ್ಲಿ ಮುಂದೆ ಇನ್ನೊಂದು ಪ್ರಸಂಗ ಬರುತ್ತದೆ. ಲೋಮಶಮಹರ್ಷಿಯು ಧರ್ಮರಾಜನನ್ನು ಯಾತ್ರೆಗೆ ಹೊರಡಿಸುವಾಗ, ಪರಿವಾರವನ್ನು ಕಡಮೆಮಾಡಿ ಹಗುರನಾಗು, ಹಗುರನಾದವನು ಸ್ವೇಚ್ಛೆಯಾಗಿ ನಡೆಯಬಲ್ಲನು ಎಂದು ಬುದ್ಧಿ ಹೇಳುತ್ತಾನೆ. ಧರ್ಮರಾಜನು ಒಪ್ಪಿ, ಹಸಿವು ನೀರಡಿಕೆ ದಾರಿಯ ಆಯಾಸ ಚಳಿಗಳನ್ನು ತಾಳಲಾರದವರೂ, ಮೃಷ್ಟಾನ್ನವನ್ನೇ ಬಯಸುವವರೂ, ಅಡಿಗೆಯವರನ್ನು ನಂಬಿಕೊಂಡು ಬಂದವರೂ ಹಿಂದಿರುಗಬಹುದೆಂದು ತಿಳಿಸುತ್ತಾನೆ. ಅವರಿಗೆ ಜೀವನೋಪಾಯವು ಹಸ್ತಿನಾಪುರದಲ್ಲಿ ದೊರೆಯುವಂತೆ ಏರ್ಪಾಡನ್ನೂ ಮಾಡುತ್ತಾನೆ. ರಾಜಸೂಯವನ್ನು ಮಾಡಿದ ಅರಸನೇ ತೀರ್ಥಕ್ಕೆ ಹೊರಡುವಾಗ ಅರಸುತನವನ್ನು ಹಿಂದೆ ಬಿಟ್ಟು ಹೊರಟನೆಂಬುದು ಇಲ್ಲಿಯ ತಾತ್ಪರ್ಯ.

ಇಂದಿನ ಐಷಾರಾಮಿ ಪ್ರವಾಸದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಮನೆಯಲ್ಲಿ ಸಾಮಾನ್ಯನಾಗಿರುವ ಗೃಹಸ್ಥನು ಪ್ರವಾಸಕ್ಕೆ ಹೊರಟಾಗ ಅರಸನಾಗುತ್ತಾನೆ. ಅಡಿಗೆಯವರನ್ನು ಹಿಂದೆ ಕಳುಹಿಸುವುದಕ್ಕೆ ಬದಲಾಗಿ ಅಡಿಗೆಯವರಿಗಾಗಿಯೇ ಸ್ಥಳವನ್ನು ಆರಿಸುತ್ತಾನೆ. ಬಡವನಿಗೆಂದು ತೆರೆದಿದ್ದ ತೀರ್ಥವು ಮತ್ತೆ ಯಜ್ಞವಾಗಿ, ಉಪಕರಣಸಂಭಾರಗಳುಳ್ಳವರಿಗೆ ಮಾತ್ರ ಸಲ್ಲತಕ್ಕದ್ದಾಗುತ್ತಿದೆ. ಈ ಗದ್ಯದ ಮೇಲೆ ಹೊರಿಸತಕ್ಕ ಮುಖ್ಯವಾದ ದೋಷ ಇದೇ. ಉಳಿದವು ಇದರ ಶಾಖೋಪಶಾಖೆಗಳು.

೩

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ಹಂಪೆಯು ಋಷಿಗಳ ಆಶ್ರಮ ಮಾತ್ರವಲ್ಲ, ಸಾಮ್ರಾಜ್ಯದ ರಾಜಧಾನಿ. ೧೪೪೩ರಲ್ಲಿ ಪಾರಸೀಕ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನೂ ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ಬೆರಗಾಗಿ ವರ್ಣಿಸಿರುವುದು ಅದರ ವೈಭವವನ್ನೇ ಅಲ್ಲವೆ? ಹಾಗಿರುವಾಗ ವೈಭವದ ಊರಿಗೆ ವೈಭವದಿಂದ ಹೋಗುವುದು ಹೇಗೆ ಅನುಚಿತ?

ಸಮಾಧಾನವನ್ನು ಎರಡು ಭಾಗವಾಗಿ ಹೇಳಬಹುದು. ಮೊದಲನೆಯದು, ಅರಸರ ವೆಚ್ಚವು ಯಾವ ದಿಕ್ಕಿಗೆ ಹರಿಯುತ್ತಿದ್ದಿತೆಂಬುದು. ಕೃಷ್ಣದೇವರಾಯನು ಪಟ್ಟಾಭಿಷೇಕದ ಸಂದರ್ಭದಲ್ಲಿ ವಿರೂಪಾಕ್ಷಸ್ವಾಮಿಗೆ ರಂಗಮಂಟಪವನ್ನು ಕಟ್ಟಿಸಿ ಗೋಪುರದ ಕೆಲಸವನ್ನೂ ಮಾಡಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ೧೭೯೫ರಲ್ಲಿ ತೀರಿಕೊಂಡ ಅಹಲ್ಯಾಬಾಯಿ ಹೋಳ್ಕರಳು ಕಾಶಿಯೇ ಮೊದಲಾದ ಕ್ಷೇತ್ರಗಳಲ್ಲಿ ಗುಡಿ ಘಟ್ಟ ಧರ್ಮಶಾಲೆಗಳನ್ನು ಕಟ್ಟಿಸಿದಳು. ಧನಿಕನು ತೀರ್ಥಕ್ಕೆ ಹೋದರೆ ಅವನ ಹಿಂದೆ ಒಂದು ಮಂಟಪವೋ ಒಂದು ಬಾವಿಯೋ ಒಂದು ಅನ್ನಸತ್ರವೋ ಉಳಿಯುತ್ತಿದ್ದಿತು. ಮಾರನೆಯ ದಿನ ಬಂದ ಬಡಯಾತ್ರಿಕನು ಅದರ ನೆರಳಿನಲ್ಲಿ ಕುಳಿತುಕೊಳ್ಳುತ್ತಿದ್ದನು. ಈಗಿನ ಪ್ರವಾಸಿಯ ವೆಚ್ಚವು ಬಹುಮಟ್ಟಿಗೆ ಅವನ ಶರೀರಕ್ಕೇ ಹಿಂದಿರುಗುತ್ತದೆ: ಹಾಸಿಗೆಗೆ, ಅಭ್ಯಂಗಕ್ಕೆ, ಭೋಜನಕ್ಕೆ. ಅವನು ಹೊರಟುಹೋದ ಮೇಲೆ ಉಳಿಯುವುದು ಹಣದ ರಸೀತಿ.

ಎರಡನೆಯದು ಔಚಿತ್ಯದ ಮಾತು. ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸ್ಥಾಪಿಸಿ, ಸೊಂಟದ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡರೆ ಆಭರಣವೇ ನಗೆಗೀಡಾಗುವುದೆಂದು ತೋರಿಸಿದ್ದಾನೆ. ಹಂಪೆಯಲ್ಲಿ ಇಂದು ನೋಡುವವನ ಎದುರಿಗಿರುವುದು ವೈಭವವಲ್ಲ, ವೈಭವದ ಅಳಿವು. ೧೫೬೫ರ ಯುದ್ಧದ ನಂತರ ಹಾಳಾದ ಪಟ್ಟಣವದು. ರಾಜಪ್ರಾಕಾರದೊಳಗೆ ಅರಮನೆಗಳಿದ್ದ ಜಾಗದಲ್ಲಿ ಈಗ ನಿಂತಿರುವುದು ಕಲ್ಲಿನ ಜಗುಲಿಗಳು ಮಾತ್ರ. ಮೇಲಣ ಕಟ್ಟಡವು ಮರದ್ದಾಗಿದ್ದುದರಿಂದ ಉಳಿಯಲಿಲ್ಲ. ‘ರಾಣಿಯ ಸ್ನಾನಗೃಹ’, ‘ಕಮಲಮಹಲು’ ಮುಂತಾದ ಹೆಸರುಗಳೂ ಪಟ್ಟಣವು ಹಾಳಾದ ಬಹುಕಾಲದ ಮೇಲೆ ರೂಢಿಗೆ ಬಂದವೇ ಹೊರತು ಕಟ್ಟಿಸಿದವರು ಇಟ್ಟವಲ್ಲ. ಆ ಜಗುಲಿಯ ಮುಂದೆ ಸಹೃದಯನ ಮನಸ್ಸಿನಲ್ಲಿ ಏಳತಕ್ಕದ್ದು ಕರುಣ, ಅದು ಬಲಿತರೆ ಶಾಂತ. ಆದರೆ ಈ ಭಗ್ನಾವಶೇಷಗಳಿಗೆ ಸಮೀಪದಲ್ಲಿಯೇ ವಿಜಯನಗರದ ಕಮಾನುಗಳನ್ನೂ ಗೋಪುರಗಳನ್ನೂ ಅನುಕರಿಸಿ ಅರಮನೆಯ ಮಾದರಿಯಲ್ಲಿ ಕಟ್ಟಿದ ವಸತಿಗೃಹದಲ್ಲಿ ರಾತ್ರಿ ಕಳೆದವನ ಸ್ಥಿತಿಯೇ ಬೇರೆ. ಅವನು ಪೂರ್ಣವಾದ ಅನುಕೃತಿಯಲ್ಲಿ ಮಲಗಿ ಎದ್ದು ಮುರಿದ ಮೂಲವನ್ನು ನೋಡಲು ಹೋಗುತ್ತಾನೆ. ಪ್ರತಿಬಿಂಬವೇ ಬಿಂಬಕ್ಕಿಂತ ಇಡಿಯಾಗಿ ಕಂಡ ಮೇಲೆ ಬಿಂಬವು ಅದರ ಕೆಟ್ಟುಹೋದ ಪ್ರತಿಯಂತೆ ತೋರುವುದು. ಹೀಗಾಗಿ ಕರುಣವು ಹುಟ್ಟುವ ಮುಂಚೆಯೇ ರಸಭಂಗವಾಗುತ್ತದೆ.

ಇನ್ನು ಅರಸನ ಪಾತ್ರದ ಮಾತು. ಪೇಟ ಧರಿಸಿದ ಸೇವಕರು ಸಾಲಾಗಿ ನಿಂತು ಹಾರ ಹಾಕಿ ಬರಮಾಡಿಕೊಳ್ಳುವರೆಂದೂ, ಬಂದವರನ್ನು ಮಹಾರಾಜರಂತೆ ಕಾಣುವರೆಂದೂ ಈ ಗದ್ಯವು ಬಾರಿಬಾರಿಗೂ ಆಶ್ವಾಸನೆ ಕೊಡುತ್ತದೆ. ಹಣ ತೆತ್ತವರೆಲ್ಲರೂ ಮಹಾರಾಜರಾದರೆ ಪ್ರಜೆ ಯಾರು? ಪ್ರಜೆಯ ಪಾತ್ರಕ್ಕೆ ಉಳಿಯುವವರು ಆ ಪೇಟ ಧರಿಸಿದ ಸ್ಥಳೀಯರೇ. ಪಾಯೆಸನು ಅರಸನ ಸಿರಿಯನ್ನು ವರ್ಣಿಸಿದನೆಂಬುದು ನಿಜ. ಅದರೊಂದಿಗೆ ಬೀದಿಗಳನ್ನೂ ಅಂಗಡಿಗಳನ್ನೂ ಕೆರೆ ಕಟ್ಟುವ ಕೂಲಿಗಳನ್ನೂ ವರ್ಣಿಸಿದ್ದಾನೆ. ಅವನ ಗ್ರಂಥದಿಂದ ಮುತ್ತುರತ್ನಗಳನ್ನು ಮಾತ್ರ ಆಯ್ದುಕೊಳ್ಳುವವರು ಅವನನ್ನು ಓದಿದಂತಾಗಲಿಲ್ಲ.

೪

ರಾಬರ್ಟ್ ಸೂಯೆಲನು ೧೯೦೦ರಲ್ಲಿ ಪಾಯೆಸ ಮತ್ತು ನೂನಿಜರ ವೃತ್ತಾಂತಗಳ ಇಂಗ್ಲಿಷ್ ಅನುವಾದವನ್ನು ಸೇರಿಸಿ ವಿಜಯನಗರದ ಇತಿಹಾಸವನ್ನು ಪ್ರಕಟಿಸಿದಾಗ ಅದನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದನು. ಅವನು ಮಾಡಿದ ಉಪಕಾರ ದೊಡ್ಡದು; ಅದರಲ್ಲಿ ವಿವಾದವಿಲ್ಲ. ಆದರೆ ಹಂಪೆಯು ಯಾರಿಗೆ ಮರೆತುಹೋಗಿತ್ತು? ವಿರೂಪಾಕ್ಷನ ಪೂಜೆ ಇಂದಿಗೂ ನಡೆಯುತ್ತಿದೆ. ಚೈತ್ರದ ರಥೋತ್ಸವಕ್ಕೂ ವಿರೂಪಾಕ್ಷ ಪಂಪಾಂಬಿಕೆಯರ ಫಲಪೂಜೆಗೂ ಸುತ್ತಲಿನ ಹಳ್ಳಿಗಳ ಜನರು ಬರುತ್ತಲೇ ಇದ್ದಾರೆ. ಇತಿಹಾಸಕಾರರು ಬರುವ ಮುಂಚೆ ಹಂಪೆಯ ನೆನಪನ್ನು ಕಾಪಾಡಿದವರು ಎತ್ತಿನ ಗಾಡಿಯಲ್ಲಿ ಬಂದು, ಸಾಲುಮಂಟಪಗಳಲ್ಲಿ ಒಲೆ ಹೂಡಿ, ನದಿಯಲ್ಲಿ ಮಿಂದು ಹೋದ ಈ ಜನರು. ಸಾಮ್ರಾಜ್ಯಕ್ಕೆ ಮುಂಚೆಯೇ ಇದು ಪಂಪಾಕ್ಷೇತ್ರವಾಗಿತ್ತು. ಹರಿಹರ ರಾಘವಾಂಕರ ಊರಾಗಿತ್ತು. ವಾಲ್ಮೀಕಿಯ ಕಿಷ್ಕಿಂಧಾಕಾಂಡವು ಪಂಪಾಸರಸ್ಸಿನ ತೀರದಲ್ಲಿಯೇ ತೊಡಗುತ್ತದೆ. ಕಾವ್ಯದಲ್ಲಿ ಆ ತೀರಕ್ಕೆ ಬಂದ ಪ್ರಸಿದ್ಧ ಪ್ರಯಾಣಿಕನು ರಾಜ್ಯವನ್ನೂ ಪತ್ನಿಯನ್ನೂ ಕಳೆದುಕೊಂಡು ಕಾಲ್ನಡೆಯಲ್ಲಿ ಬಂದವನು. ಅವನಿಗೆ ಅಲ್ಲಿ ದೊರೆತ ಆತಿಥ್ಯವು ಶಬರಿಯು ಕೂಡಿಟ್ಟಿದ್ದ ಕಾಡಿನ ಫಲಮೂಲಗಳು.

ಈಗ ಇತ್ತೀಚಿನ ಘಟನೆಗಳತ್ತ ಬರಬೇಕು. ಯುನೆಸ್ಕೊ ಸಂಸ್ಥೆಯು ೧೯೮೬ರಲ್ಲಿ ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ೧೯೯೯ರಿಂದ ೨೦೦೬ರವರೆಗೆ ಅದು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಯಲ್ಲಿದ್ದಿತು. ವಿರೂಪಾಕ್ಷದೇವಾಲಯದ ಮುಂದೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿ ದೊಡ್ಡ ಬಸವಣ್ಣನವರೆಗೆ ಹೋಗುವ ಪೇಟೆಬೀದಿಯ ಸಾಲುಮಂಟಪಗಳಲ್ಲಿ ಹಲವು ದಶಕಗಳಿಂದ ಸಂಸಾರಗಳು ನೆಲಸಿದ್ದುವು. ಕಂಬಗಳ ನಡುವೆ ಗೋಡೆ ಎಬ್ಬಿಸಿ ಮನೆ ಅಂಗಡಿ ಊಟದ ಕೋಣೆಗಳನ್ನು ಮಾಡಿಕೊಂಡಿದ್ದರು. ೨೦೧೧ರ ಜುಲೈ ತಿಂಗಳಿನಲ್ಲಿ ಜಿಲ್ಲಾಡಳಿತದವರು ಅವನ್ನು ಕೆಡವಿದರು. ನೂರಾರು ಸಂಸಾರಗಳು ಎದ್ದುಹೋದುವು. ಅನಂತರ ಕಡ್ಡಿರಾಂಪುರದಲ್ಲಿ ಅವರಿಗೆ ನಿವೇಶನಗಳ ಏರ್ಪಾಡಾಯಿತು. ನದಿಯ ಆಚೆಗಿರುವ ವಿರೂಪಾಪುರಗಡ್ಡೆಯಲ್ಲಿ, ಕಡಮೆ ಹಣವುಳ್ಳ ಎಳೆಯ ಪ್ರವಾಸಿಗಳು ತಂಗುತ್ತಿದ್ದ ವಸತಿಗಳಿದ್ದುವು. ಅವು ಕಾನೂನಿಗೆ ವಿರುದ್ಧವೆಂಬ ಹೈಕೋರ್ಟಿನ ತೀರ್ಪನ್ನು ೨೦೨೦ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚಿ ತಿಂಗಳಿನಲ್ಲಿ ಅವೂ ನೆಲಸಮವಾದುವು.

ಸ್ಮಾರಕವನ್ನು ಕಾಪಾಡುವವರ ಪಕ್ಷದಲ್ಲಿಯೂ ಬಲವಾದ ಹೇತುಗಳಿವೆ. ಹದಿನಾರನೆಯ ಶತಮಾನದ ಕಂಬಕ್ಕೆ ಸಿಮೆಂಟಿನ ಗೋಡೆ ಕಟ್ಟುವುದನ್ನು ಯಾರೂ ಸಮರ್ಥಿಸಲಾರರು. ಕಾನೂನಿನ ನಿರ್ಣಯವು ಕಾನೂನಿನವರದು. ವಿಮರ್ಶೆಗೆ ಸಂಬಂಧಿಸಿದ ಸಂಗತಿ ಬೇರೆ. ಐಷಾರಾಮಿ ಪ್ರವಾಸದ ಗದ್ಯವು ಇಂದು ಆ ಪೇಟೆಬೀದಿಯ ನಿಶ್ಶಬ್ದತೆಯನ್ನು ಹೊಗಳುತ್ತದೆ. ಶತಮಾನಗಳ ಮೌನವೆಂದೂ ಕಾಲವೇ ನಿಂತಂತಿದೆಯೆಂದೂ ಬರೆಯುವರು. ಆದರೆ ಆ ಮೌನದ ವಯಸ್ಸು ಶತಮಾನಗಳದಲ್ಲ. ಅದು ೨೦೧೧ರಲ್ಲಿ ಹುಟ್ಟಿದ ಮೌನ. ಅದಕ್ಕೆ ಹಿಂದಿನ ದಿನ ಅಲ್ಲಿ ಹಾಲು ಕಾಯುತ್ತಿತ್ತು, ಮಕ್ಕಳು ಪಾಠ ಓದುತ್ತಿದ್ದರು. ಇತಿಹಾಸದ ಪ್ರೇಮದಿಂದ ಬಂದೆನೆಂದು ಹೇಳಿಕೊಳ್ಳುವವನು ತನ್ನ ಕಾಲದ ಇತಿಹಾಸವನ್ನೇ ಕಾಣದೆ, ನಿನ್ನೆಯ ಬರಿದಾಗುವಿಕೆಯನ್ನು ಪ್ರಾಚೀನ ಪ್ರಶಾಂತಿಯೆಂದು ತಿಳಿಯುವುದು ಭ್ರಾಂತಿ. ಲೇಖಕನು ಓದುಗರಲ್ಲಿ ಅದನ್ನು ಹುಟ್ಟಿಸಿದರೆ ಅದು ದೋಷ.

ಏಕಾಂತವಾಸದ ಮಾತಿಗೂ ಇದೇ ನ್ಯಾಯ ಸಲ್ಲುತ್ತದೆ. ಜನಸಂಸರ್ಗವನ್ನು ಬಿಟ್ಟು ವಿವಿಕ್ತದೇಶವನ್ನು ಸೇವಿಸುವುದು ಜ್ಞಾನಕ್ಕೆ ಸಾಧನವೆಂದು ಗೀತೆಯಲ್ಲಿ ಹೇಳಿದೆ. ಅಲ್ಲಿ ಜನರನ್ನು ಬಿಟ್ಟು ಹೊರಡುವವನು ಸಾಧಕ. ಜನರನ್ನು ಹೊರಡಿಸಿ ತಾನು ಬಂದು ಕೂರುವವನಲ್ಲ. ಕೊಡಗು ಮೈಸೂರು ಜಿಲ್ಲೆಗಳಿಗೆ ಸೇರಿದ ನಾಗರಹೊಳೆಯ ಅರಣ್ಯದಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆಮಾರುಗಳಿಂದ ಇದ್ದವರು. ರಾಷ್ಟ್ರೀಯ ಉದ್ಯಾನವೆಂದು ಅವರ ಹಾಡಿಗಳಲ್ಲಿ ಅನೇಕವನ್ನು ಎತ್ತಿಸಿದರು. ಅದೇ ಉದ್ಯಾನದೊಳಗಿನ ಮುರ್ಕಲ್ಲಿನಲ್ಲಿ, ೧೯೯೦ರ ದಶಕದಲ್ಲಿ, ದೊಡ್ಡ ಹೋಟೆಲು ಸಂಸ್ಥೆಯೊಂದಕ್ಕೆ ವಿಹಾರಗೃಹ ನಡೆಸಲು ಗೇಣಿ ದೊರೆಯಿತು. ಕಾಡಿನಲ್ಲಿ ಹುಟ್ಟಿದವನಿಗೆ ಕಾಡಿನಲ್ಲಿ ಇರಕೂಡದು, ಕಾಡನ್ನು ನೋಡಲು ಬಂದವನಿಗೆ ಮಂಚವುಂಟು ಎಂದಾಯಿತು. ಆದಿವಾಸಿಗಳು ಪ್ರತಿಭಟಿಸಿದರು, ೧೯೯೭ರ ಜನವರಿಯಲ್ಲಿ ಕರ್ನಾಟಕದ ಹೈಕೋರ್ಟು ಆ ಗೇಣಿಯು ೧೯೮೦ರ ಅರಣ್ಯಸಂರಕ್ಷಣೆಯ ಕಾಯಿದೆಗೆ ವಿರುದ್ಧವೆಂದು ನಿರ್ಣಯಿಸಿತು. ಏಕಾಂತವು ಎಲ್ಲಿಯೂ ತಾನಾಗಿ ಬೆಳೆದು ಮಾರಾಟಕ್ಕೆ ಸಿದ್ಧವಾಗಿರುವುದಿಲ್ಲ. ಅದನ್ನು ವರ್ಣಿಸುವ ಲೇಖಕನು, ಇಲ್ಲಿ ಮುಂಚೆ ಯಾರಿದ್ದರು, ಈಗ ಎಲ್ಲಿದ್ದಾರೆ ಎಂದು ಒಂದು ಮಾತನ್ನಾದರೂ ಕೇಳತಕ್ಕದ್ದು.

೫

ಇನ್ನು ಪೂರ್ವಪಕ್ಷದವರ ಉಳಿದ ವಾದಗಳಿಗೆ ನ್ಯಾಯ ಸಲ್ಲಿಸಬೇಕು.

ವೃದ್ಧರಿಗೂ ರೋಗಿಗಳಿಗೂ ಮಕ್ಕಳೊಂದಿಗರಿಗೂ ಸೌಕರ್ಯ ಬೇಡವೆ ಎಂಬುದು ಒಂದು. ಬೇಕು, ಖಂಡಿತವಾಗಿಯೂ ಬೇಕು. ಶುದ್ಧವಾದ ನೀರು, ಚೊಕ್ಕಟವಾದ ಶೌಚಾಲಯ, ಮಂಡಿನೋವಿನವರಿಗೆ ಗಾಡಿ, ಬಿಸಿಲಿನಲ್ಲಿ ಕೂರಲು ನೆರಳು, ಇವು ಭೋಗಗಳಲ್ಲ, ಸೌಕರ್ಯಗಳು. ಸೌಕರ್ಯಕ್ಕೂ ಭೋಗಕ್ಕೂ ಇರುವ ಭೇದ ಇಷ್ಟೆ: ಸೌಕರ್ಯವು ಎಲ್ಲರಿಗೂ ದೊರೆತಷ್ಟೂ ಒಳ್ಳೆಯದು, ಭೋಗವು ಎಲ್ಲರಿಗೂ ದೊರೆತರೆ ಅದರ ಬೆಲೆಯೇ ಹೋಗುವುದು. ಗೀತೆಯು ಆಹಾರವಿಹಾರಗಳನ್ನು ನಿಷೇಧಿಸಲಿಲ್ಲ; ಯುಕ್ತವಾಗಿರಬೇಕೆಂದಿತು.

ಧನಿಕರು ಬಂದರೆ ಸ್ಥಳೀಯರಿಗೆ ಜೀವನೋಪಾಯವಾಗುವುದೆಂಬುದು ಎರಡನೆಯದು. ಇದರಲ್ಲಿಯೂ ಸತ್ಯವಿದೆ. ಆದರೆ ವಸತಿಗೃಹದ ಗೋಡೆಯೊಳಗೇ ಊಟ, ಒಳಗೇ ಕೊಳ್ಳುವಿಕೆ, ಒಳಗೇ ನೃತ್ಯಗೀತ ಎಲ್ಲವೂ ಮುಗಿದರೆ ಹೊರಗಿನ ಎಳನೀರಿನವನಿಗೆ ಬರುವುದೇನು? ಪ್ರವಾಸಿಯು ಊರೊಳಗೆ ನಡೆದಷ್ಟೂ ಊರಿಗೆ ಲಾಭ.

ಮೂರನೆಯ ವಾದ ಎಲ್ಲಕ್ಕಿಂತ ಬಲವಾದುದು: ಜನಸಂದಣಿಯಿಂದ ಸ್ಮಾರಕಗಳು ಹಾಳಾಗುವುವು, ಆದುದರಿಂದ ಬೆಲೆಯನ್ನು ಏರಿಸಿ ಕೆಲವರನ್ನು ಮಾತ್ರ ಬಿಡುವುದೇ ಲೇಸು. ವಿಠ್ಠಲದೇವಾಲಯದ ನಾದಸ್ತಂಭಗಳನ್ನು ಬಡಿದು ಬಡಿದು ಸವೆಸಿದವರು ಬಡವರೂ ಹೌದು ಧನಿಕರೂ ಹೌದು. ೨೦೧೯ರಲ್ಲಿ ಕೆಲವರು ಹುಡುಗರು ಹಂಪೆಯಲ್ಲಿ ಕಂಬವನ್ನು ಕೆಡವಿದಾಗ, ನ್ಯ��ಯಾಲಯವು ಅವರಿಗೆ ದಂಡ ವಿಧಿಸಿದುದಲ್ಲದೆ ಅವರ ಕೈಯಿಂದಲೇ ಕಂಬಗಳನ್ನು ಮತ್ತೆ ನಿಲ್ಲಿಸಿತು. ಜನರಿಗೆ ವಿನಯ ಬೇಕೆಂಬುದು ಸರಿಯೇ. ಆದರೆ ವಿನಯವನ್ನು ಬೆಲೆಯಿಂದ ಅಳೆಯಬಹುದೆ?

ಈ ಪ್ರಶ್ನೆ ಹಂಪೆಗೆ ಮಾತ್ರ ಬಂದುದಲ್ಲ. ಜಾವಾದ್ವೀಪದಲ್ಲಿ ಶೈಲೇಂದ್ರರ ಕಾಲದ ಬೊರೊಬುದುರ್ ಎಂಬ ಬೌದ್ಧಚೈತ್ಯವುಂಟು. ಅಲ್ಲಿಯೂ ಸಮೀಪದ ಗುಡ್ಡದ ಮೇಲೆ ಚೈತ್ಯದ ಆಕಾರವನ್ನೇ ಅನುಕರಿಸಿದ ಐಷಾರಾಮಿ ವಸತಿಗೃಹವೊಂದು ೧೯೯೭ರಿಂದ ಇದೆ. ಚೈತ್ಯದ ಮೆಟ್ಟಿಲುಗಳು ಜನರ ಪಾದಗಳಿಂದ ಸವೆಯುತ್ತಿರುವುದನ್ನು ಕಂಡು, ಮೇಲೆ ಹತ್ತಬಯಸುವ ವಿದೇಶೀಯರಿಗೆ ೧೦೦ ಡಾಲರೂ ಸ್ವದೇಶೀಯರಿಗೆ ೭,೫೦,೦೦೦ ರೂಪಿಯಾವೂ ಶುಲ್ಕ ವಿಧಿಸಬೇಕೆಂದು ೨೦೨೨ರಲ್ಲಿ ಇಂಡೊನೇಷ್ಯದ ಸರ್ಕಾರದವರು ಸೂಚಿಸಿದರು. ತಮ್ಮ ಪೂರ್ವಿಕರು ಕಟ್ಟಿದುದನ್ನು ಹತ್ತಲು ಇಷ್ಟೊಂದು ತೆರಬೇಕೆ ಎಂದು ಅಲ್ಲಿಯ ಜನರು ಕೂಗೆಬ್ಬಿಸಿದರು, ಸೂಚನೆಯು ನಿಂತಿತು. ಮುಂದೆ ಬಂದ ಏರ್ಪಾಡಿನಲ್ಲಿ ಹತ್ತುವವರಿಗೆ ಪ್ರತ್ಯೇಕ ಶುಲ್ಕವಿದ್ದರೂ ಅದು ಅಷ್ಟು ದೊಡ್ಡದಲ್ಲ; ಮುಖ್ಯವಾದ ತಡೆ ದಿನಕ್ಕೆ ಇಷ್ಟೇ ಮಂದಿ ಎಂಬ ಸಂಖ್ಯೆಯದು. ಜೊತೆಗೆ, ಕಲ್ಲನ್ನು ಸವೆಸದ ಹೆಣೆದ ಪಾದರಕ್ಷೆಗಳನ್ನು ಎಲ್ಲರೂ ಧರಿಸಬೇಕು. ಅದಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು ‘ಉಪಾನತ್’, ಶುದ್ಧಸಂಸ್ಕೃತದ ಮಾತು. ಧನಿಕನ ಪಾದಕ್ಕೂ ಬಡವನ ಪಾದಕ್ಕೂ ಒಂದೇ ಉಪಾನತ್ತು. ಸಂಖ್ಯೆಯಿಂದ ತಡೆಯುವುದಕ್ಕೂ ಬೆಲೆಯಿಂದ ತಡೆಯುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಮೊದಲನೆಯದರಲ್ಲಿ ಸರದಿಗೆ ಕಾಯಬೇಕು. ಕಾಯುವುದು ಎಲ್ಲರಿಗೂ ಸಾಧ್ಯ. ಎರಡನೆಯದರಲ್ಲಿ ಕೆಲವರಿಗೆ ಸರದಿಯೇ ಬಾರದು.

೬

ಹಾಗಾದರೆ ಪ್ರಾಚೀನ ಸ್ಥಳಗಳ ವಿಷಯವಾಗಿ ಬರೆಯತಕ್ಕವರು ಹೇಗೆ ಬರೆಯಬೇಕು? ಕನ್ನಡದಲ್ಲಿ ಅದಕ್ಕೆ ಮೇಲ್ಪಂಕ್ತಿಯಿಲ್ಲದೆ ಇಲ್ಲ. ವಿ. ಸೀತಾರಾಮಯ್ಯನವರು ಹಂಪೆಯನ್ನು ಕುರಿತ ತಮ್ಮ ಗ್ರಂಥಕ್ಕೆ ‘ಪಂಪಾಯಾತ್ರೆ’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಪಟ್ಟಣದ ವೈಭವವಿಲ್ಲ, ಕ್ಷೇತ್ರದ ಹೆಸರಿದೆ, ವಿಹಾರವಿಲ್ಲ, ಯಾತ್ರೆಯಿದೆ. ಯಾತ್ರೆಯೆಂದರೆ ದೇವರನ್ನು ನಂಬಿದವರು ಮಾತ್ರ ಮಾಡತಕ್ಕದ್ದೆಂದು ತಿಳಿಯಬೇಕಾಗಿಲ್ಲ. ತಾನು ನೋಡಹೋಗುವ ವಸ್ತುವು ತನಗಿಂತ ದೊಡ್ಡದೆಂಬ ಭಾವನೆಯೇ ಯಾತ್ರೆ. ಅದು ತನ್ನ ಸುಖಕ್ಕಾಗಿ ಏರ್ಪಟ್ಟಿದೆಯೆಂಬ ಭಾವನೆಯೇ ಭೋಗ. ಭೇದವಿರುವುದು ನಂಬಿಕೆಯಲ್ಲಿ ಅಲ್ಲ, ನಮ್ರತೆಯಲ್ಲಿ. ಉತ್ತಮವಾದ ಪ್ರವಾಸಕಥನದಲ್ಲಿ ಲೇಖಕನು ಹೋಗುವಾಗ ಇದ್ದಂತೆ ಬರುವಾಗ ಇರುವುದಿಲ್ಲ. ಐಷಾರಾಮಿ ಗದ್ಯದಲ್ಲಿಯಾದರೋ ಹೊರಟಂತೆಯೇ ಹಿಂದಿರುಗುತ್ತಾನೆ. ದಣಿವು ಮಾತ್ರ ಆರಿರುತ್ತದೆ. ಎಲ್ಲಿಗೆ ಹೋದರೂ ಅವನಿಗೆ ದೊರೆತುದು ಅದೇ ಮೃದುವಾದ ಹಾಸಿಗೆ, ಅದೇ ಪರಿಮಳದ ನೀರು. ಅವನ ಗ್ರಂಥದಲ್ಲಿ ಹಂಪೆಯೂ ಬೊರೊಬುದುರೂ ಒಂದೇ ಕಿಟಕಿಯ ಎರಡು ಚಿತ್ರಗಳು.

‘ತೀರ್ಥ’ಶಬ್ದವು ದಾಟುವುದೆಂಬ ಅರ್ಥವುಳ್ಳ ಧಾತುವಿನಿಂದ ಬಂದುದು. ನದಿಗೆ ಇಳಿಯಲೂ ಆಚೆಗೆ ದಾಟಲೂ ಅನುಕೂಲವಾದ ಜಾಗವೇ ಮೊದಲು ತೀರ್ಥ. ಪುಣ್ಯವೆಂಬ ಅರ್ಥ ಅನಂತರದ್ದು. ಹಂಪೆಯ ಪೇಟೆಬೀದಿಯ ಕೊನೆಯಿಂದ ವಿಠ್ಠಲದೇವಾಲಯದ ಕಡೆಗೆ ನದಿಯ ದಡದಲ್ಲಿ ಬಂಡೆಗಳ ನಡುವೆ ಒಂದು ಕಾಲುದಾರಿಯಿದೆ. ಆ ದಾರಿಯಲ್ಲಿ ಯಾವ ವಾಹನವೂ ಹೋಗದು. ಯಾರೇ ಆಗಲಿ ನಡೆಯಬೇಕು. ನದಿ ತಿರುಗುವ ಕಡೆಯಲ್ಲಿ ಕೋದಂಡರಾಮನ ಗುಡಿಯ ಮುಂದೆ ಚಕ್ರತೀರ್ಥ. ನೀರಿನ ಸೆಳವು ಹದವಾಗಿರುವ ದಿನಗಳಲ್ಲಿ ಅಲ್ಲಿ ಹರಿಗೋಲುಗಳು ಓಡಾಡುತ್ತವೆ. ಪಾಯೆಸನು ತನ್ನ ಕಾಲದಲ್ಲಿ ಆನೆಗೊಂದಿಗೆ ಜನರು ದಾಟುತ್ತಿದ್ದ, ಬುಟ್ಟಿಯಂತೆ ದುಂಡಾದ ದೋಣಿಗಳೆಂದು ವರ್ಣಿಸಿದುದು ಇವನ್ನೇ. ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ. ಅದರಲ್ಲಿ ಮೇಲಿನ ತರಗತಿಯೆಂಬುದೂ ಇಲ್ಲ. ಒಳಗೆ ಕುಳಿತವರೆಲ್ಲರೂ ಒಬ್ಬರಿಗೊಬ್ಬರು ಮುಖವಾಗಿ, ಮಂಡಿ ಮಡಿಸಿ, ಒಂದೇ ಮಟ್ಟದಲ್ಲಿ ಕೂರಬೇಕು. ಭಾರ ಒಂದೇ ಕಡೆಗೆ ಹೆಚ್ಚಿದರೆ ಅಂಬಿಗನು, ಸ್ವಲ್ಪ ಸರಿದುಕೊಳ್ಳಿ, ಎಲ್ಲರೂ ದಾಟಬೇಕು ಎನ್ನುತ್ತಾನೆ.